ಟ್ಯಾಂಕಿನೊಳಗಿನ ಶೀನ್

ಗಲ್ಫಿಗೆ ಹೊರಟ ಹುಡುಗರು ಈಗಲೂ ನನ್ನ ಮನೆಗೆ ಬರುತ್ತಾರೆ. ಬಂದವರು ಸೆಕೆ ಎಷ್ಟು, ಊಟ ಹೇಗೆ, ವೀಸಾ ಕೊಟ್ಟು ಕರೆಸಿಕೊಳ್ಳುವ ಕಫೀಲ್ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾನಾ ಎಂದು ಕೇಳುತ್ತಾರೆ. ಕೆಲಸದ ಜಾಗದಲ್ಲಿ ಎಂಥ ಸದ್ದು ಇರುತ್ತದೆ ಎಂದು ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ಕೇಳಿದ್ದರೆ ಚಹಾ ಕೊಟ್ಟು ಅರ್ಧ ದಿನ ಕೂರಿಸಿಕೊಳ್ಳುತ್ತಿದ್ದೆ. ಯಾರೂ ಕೇಳುವುದಿಲ್ಲ ಎಂಬ ಸಿಟ್ಟಿಗೆ ಇದನ್ನು ಬರೆಯಲು ಕುಳಿತಿದ್ದೇನೆ.

ಒಮಾನಿನಲ್ಲಿ ನಾನು ಮಾಡಿದ್ದು ನೀರಿನ ಟ್ಯಾಂಕುಗಳ ಕೆಲಸ. ದೊಡ್ಡ ದೊಡ್ಡ ಕಬ್ಬಿಣದ ಟ್ಯಾಂಕುಗಳನ್ನು ಬರಿದು ಮಾಡಿ, ಒಳಗೆ ನುಗ್ಗಿ ತುಕ್ಕು ಕೆರೆದು, ಹೊಸ ಬಣ್ಣ ಬಳಿದು ಕೊಡುವುದು. ಹೆಲ್ಪರ್ ಆಗಿ ಹೋದವನು ಫೋರ್‌ಮನ್ ಆಗಿ ವಾಪಸು ಬಂದೆ. ನಡುವಿನ ಮೆಟ್ಟಿಲುಗಳ ಕಥೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕಂಪನಿಯ ಆಫೀಸು ರಾಜಧಾನಿಯ ಅಲ್ ಖುವೈರ್‌ನಲ್ಲಿ, ನನ್ನ ಬಾಡಿಗೆ ಮನೆ ಅಲ್ ಅಜೈಬಾದಲ್ಲಿ. ಕೆಲಸ ಮಾತ್ರ ಟ್ಯಾಂಕು ಎಲ್ಲಿ ತುಕ್ಕು ಹಿಡಿದಿದೆಯೋ ಅಲ್ಲಿ.

ನನಗೆ ಕೆಲಸ ಕಲಿಸಿದ ಹಳೆಯ ಫೋರ್‌ಮನ್ ಕಣ್ಣಿನ ಮನುಷ್ಯ. ಗೋಡೆ ಮಿರಮಿರ ಮಿಂಚಿದರೆ ಕೆಲಸ ಪಾಸು. “ಖಲಾಸ್, ಯಲ್ಲಾ, ಗಾಡಿ ಹತ್ತಿ” ಎಂದು ಅವರು ಹೇಳಿದರೆ ಆ ಟ್ಯಾಂಕಿನ ಮುಖವನ್ನು ನಾವು ಮತ್ತೆ ನೋಡುತ್ತಿರಲಿಲ್ಲ. ನಾನೂ ಹಾಗೆಯೇ ಕಲಿತೆ. ನಾನೂ ಫೋರ್‌ಮನ್ ಆದ ಮೇಲೆ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಬಣ್ಣ ಜಪಾನಿನಿಂದ ಬರತೊಡಗಿತು. ಬಣ್ಣದ ಜೊತೆಗೆ ಅದನ್ನು ಬಳಿಯುವುದು ಹೇಗೆಂದು ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಕೂಡ ಬಂದರು. ಹೆಸರು ಮೊರಿಶಿಮಾ. ಅವರ ರೀತಿಯಲ್ಲಿ ನಾವು ಮೊರಿಶಿಮಾ ಸಾನ್ ಎಂದು ಕರೆಯುತ್ತಿದ್ದೆವು. ಸಣ್ಣ ಆಳು, ಇಸ್ತ್ರಿ ಹಾಕಿದ ಬೂದು ಅಂಗಿ, ಪ್ಯಾಂಟಿನ ಕಿಸೆಯಲ್ಲಿ ಒಂದು ಪುಟ್ಟ ಸುತ್ತಿಗೆ. ಇಂಗ್ಲಿಷ್ ನಮ್ಮಷ್ಟೇ ಹರಕು. ಆದ್ದರಿಂದಲೇ ನಮಗೂ ಅವರಿಗೂ ಚೆನ್ನಾಗಿ ಹೊಂದಿತು.

ಮೊದಲ ಟ್ಯಾಂಕಿನಲ್ಲಿಯೇ ಅವರು ನನ್ನ ಮಾನ ತೆಗೆದರು. ನಾವು ಕೆಲಸ ಮುಗಿಸಿ ಗೋಡೆ ಮಿಂಚಿಸಿ ನಿಂತಿದ್ದೆವು. ಅವರು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಗೋಡೆಯ ಉದ್ದಕ್ಕೂ ಸುತ್ತಿಗೆಯಿಂದ ಬಡಿಯುತ್ತ ಹೋದರು. “ಕಾನ್‌ಕಾನ್, ಕಾನ್‌ಕಾನ್” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಒಂದು ಮೂಲೆಗೆ ಬಂದು ನಿಂತರು. ಮತ್ತೆ ಬಡಿದರು. ಸದ್ದು ಟೊಳ್ಳಾಗಿ ಬಂತು. “ಬೊಕೊಬೊಕೊ” ಎಂದು ಕಣ್ಣು ಬಿಟ್ಟು, ಅಷ್ಟೂ ಬಣ್ಣ ಕೆರೆದು ತೆಗೆಯಿರಿ ಎಂದರು.

ಕಣ್ಣು ಮುಚ್ಚಿಕೊಂಡವನು ನನ್ನ ಕೆಲಸವನ್ನು ಕೆಟ್ಟದ್ದು ಎನ್ನುವುದೆಂದರೆ ಏನು? ಹಲ್ಲು ಕಚ್ಚಿಕೊಂಡು ಕೆರೆಸಿದೆ. ಕೆರೆದಲ್ಲೆಲ್ಲ ಹೊಸ ಬಣ್ಣದ ಅಡಿಯಲ್ಲಿ ತೇವ, ತೇವದ ಅಡಿಯಲ್ಲಿ ತುಕ್ಕು. ಬಣ್ಣ ಗೋಡೆಗೆ ಅಂಟಿಯೇ ಇರಲಿಲ್ಲ. ಹಾಗಾದರೆ ಅಲ್ಲಿಯವರೆಗೆ ನಾವು ಮಿಂಚಿಸಿ ಬಿಟ್ಟುಬಂದ ಟ್ಯಾಂಕುಗಳ ಒಳಗೆ ಏನಾಗಿರಬಹುದು?

ಆಮೇಲೆ ಅವರ ಸುತ್ತಿಗೆಗೆ ನಾವು ತಲೆಬಾಗಿದೆವು. ನಮ್ಮ ಗುಂಪಿನಲ್ಲಿ ಊರ ಕಡೆಯವರು ಇನ್ನಿಬ್ಬರಿದ್ದರು. ಟ್ಯಾಂಕಿನೊಳಗೆ ಹೋಗಿ ಬಳಿಯುವವನು ಇಬ್ರಾಹಿಂ, ಉಳ್ಳಾಲದ ಕಡೆಯ ಬ್ಯಾರಿ. ಅವನಷ್ಟು ನಯವಾಗಿ ಬ್ರಶ್ ಆಡಿಸುವ ಕೈಯನ್ನು ನಾನು ಬೇರೆ ಕಂಡಿಲ್ಲ. ಹೊರಗೆ ಟ್ಯಾಂಕಿನ ಬಾಯಿಯ ಹತ್ತಿರ ಕಾವಲು ಕೂರುವವನು ಸಂಜೀವ, ಮೂಲ್ಕಿಯವನು. ಮೂವರ ನಡುವಿನ ಮಾತು ತುಳು. ಓದುವವರಿಗೆ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಚಹಾದ ಹೊತ್ತಿಗೆ ಮೊರಿಶಿಮಾ ಸಾನ್ ನಮ್ಮ ನಡುವೆ ಬಂದು ಕೂರುತ್ತಿದ್ದರು. ಜಪಾನೀ ಭಾಷೆಯಲ್ಲಿ ಇಂಥ ಸದ್ದಿನ ಮಾತುಗಳು ರಾಶಿ ರಾಶಿ ಇವೆಯಂತೆ. ಬಾಗಿಲು ಮೆಲ್ಲಗೆ ತಟ್ಟಿದರೆ ಕೊನ್‌ಕೊನ್. ಎದೆ ಹೊಡೆದುಕೊಂಡರೆ ಡೋಕಿಡೋಕಿ. ನಮ್ಮಲ್ಲಿ ಡವಡವ ಎನ್ನುತ್ತೇವೆ ಎಂದಾಗ ಅವರಿಗೆ ಆದ ಖುಷಿ ನೋಡಬೇಕಿತ್ತು. ಹಲ್ಲಿಗೆ ಹಲ್ಲು ಹೊಡೆದರೆ ಕಟಕಟ, ಗಂಟೆಯಾದರೆ ಠಣಠಣ, ಹಪ್ಪಳ ಮುರಿದರೆ ಕುರುಕುರು ಎಂದು ನಾವು ಹೇಳುತ್ತಾ ಹೋದೆವು. ಅವರು ಪ್ರತಿಯೊಂದಕ್ಕೂ ತಮ್ಮದೊಂದನ್ನು ಕೊಟ್ಟರು. ಸದ್ದಿನ ವ್ಯಾಪಾರದಲ್ಲಿ ನಾವು ಸೋಲುವ ಜನವಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಆಗ ಅವರು ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. “ಶೀನ್.”

“ಅದು ಯಾವುದರ ಸದ್ದು ಸಾರ್?” ಎಂದೆ.

“ಸದ್ದಿಲ್ಲದ್ದರ ಸದ್ದು” ಎಂದರು.

ಸಂಜೀವ ನಕ್ಕೇಬಿಟ್ಟ. “ಸದ್ದಿಲ್ಲದ್ದಕ್ಕೂ ಒಂದು ಸದ್ದಾ? ಇವರಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?”

ಮೊರಿಶಿಮಾ ಸಾನ್ ನಗಲಿಲ್ಲ. ಮೇಷ್ಟ್ರು ತರಗತಿಗೆ ಬಂದು ಕಿಟಕಿ ಒಡೆದವರು ಯಾರು ಎಂದು ಕೇಳುತ್ತಾರೆ, ಎಲ್ಲ ಮಕ್ಕಳೂ ತಲೆ ತಗ್ಗಿಸುತ್ತಾರೆ, ಆಗ ಶೀನ್. ಒಬ್ಬ ತಮಾಷೆ ಹೇಳುತ್ತಾನೆ, ಯಾರೂ ನಗುವುದಿಲ್ಲ, ಶೀನ್. ನೀವು ಮನೆಯವರನ್ನು ಕೂಗುತ್ತೀರಿ, ಓಗೊಡುವವರಿಲ್ಲ, ಶೀನ್. ಹೀಗೆ ಒಂದೊಂದನ್ನೂ ಕೈ ಬಾಯಿ ಆಡಿಸಿ ತೋರಿಸಿ, “ಯಂತ್ರದ ಕೆಲಸದವನು ಎಲ್ಲ ಸದ್ದನ್ನೂ ಕಲಿಯುತ್ತಾನೆ. ಇದನ್ನು ಕೊನೆಗೆ ಕಲಿಯುತ್ತಾನೆ. ಮೊದಲು ಕಲಿಯಬೇಕಾದದ್ದು ಇದನ್ನು” ಎಂದರು.

ಅಂಥ ಮಾತು ನಮ್ಮಲ್ಲಿಲ್ಲವೇ ಎಂದು ನನಗೆ ಒಳಗೊಳಗೇ ಚುರುಗುಟ್ಟಿತು. ಮನೆಗೆ ಹೋಗಿ ಹೆಂಡತಿ ಸುನಂದಾಳಿಗೆ ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಡದೆ, “ಯಾಕಿಲ್ಲ? ಮಕ್ಕಳನ್ನು ರಜೆಗೆ ಊರಿಗೆ ಕಳಿಸಿದಾಗ ಮನೆ ಬಿಕೋ ಅಂತ ಉಂಟು ಅಂತ ನೀವೇ ಅನ್ನುವುದಿಲ್ವಾ?” ಎಂದಳು.

ಮರುದಿನ ಬಿಕೋವನ್ನು ಮೊರಿಶಿಮಾ ಸಾನ್ ಮುಂದೆ ಇಟ್ಟೆ. ಯಾವಾಗ ಹೇಳುತ್ತೀರಿ, ಯಾರು ಹೇಳುತ್ತಾರೆ ಎಂದು ಕೆದಕಿ ಕೆದಕಿ ಕೇಳಿದರು. ಕೊನೆಗೆ ತಲೆಯಾಡಿಸಿ, “ಹತ್ತಿರ ಇದೆ. ಆದರೆ ಬಿಕೋದಲ್ಲಿ ಮನುಷ್ಯರು ಹೊರಟು ಹೋಗಿದ್ದಾರೆ. ನಾನು ಹೇಳುವ ಶೀನ್‌ನಲ್ಲಿ ಮನುಷ್ಯ ಒಳಗೇ ಇದ್ದಾನೆ” ಎಂದರು. ಈ ಮಾತು ಆಗ ನನಗೆ ತಿಳಿಯಲಿಲ್ಲ. ತಿಳಿದ ದಿನದ ಬಗ್ಗೆ ಹೇಳುತ್ತೇನೆ.

ನಿಜ್ವಾದಲ್ಲಿ ಖರ್ಜೂರದ ತೋಟದ ಅಂಚಿಗೆ ಒಂದು ಟ್ಯಾಂಕು ಸಿಕ್ಕಿತ್ತು. ತೋಟದ ಗೋಡೆ ದಾಟಿದರೆ ಒಂದು ಸಣ್ಣ ಮಸೀದಿ. ಟ್ಯಾಂಕಿನ ಬುಡದಲ್ಲಿ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ದುಂಡಗಿನ ಬಾಯಿ. ಒಳಗೆ ಹೋಗಲೂ ಅದೇ, ಹೊರಗೆ ಬರಲೂ ಅದೇ. ಈ ಕೆಲಸಕ್ಕೆ ಬರುವವರು ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಬಣ್ಣದಿಂದ ಏಳುವ ಆವಿ ಗಾಳಿಗಿಂತ ಭಾರ. ಅದು ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಅದನ್ನು ಓಡಿಸಲು ಹೊರಗೆ ಒಂದು ಬ್ಲೋವರ್ ಇಟ್ಟು, ದಪ್ಪ ಪೈಪಿನಲ್ಲಿ ಒಳಗೆ ಗಾಳಿ ಊದುತ್ತಲೇ ಇರಬೇಕು. ಊದುವುದು ನಿಂತರೆ ಒಳಗಿರುವವನಿಗೆ ಮೊದಲು ಮಂಪರು, ಆಮೇಲೆ ಏನೂ ಇಲ್ಲ.

ಅದಕ್ಕೆಂದೇ ಮೊರಿಶಿಮಾ ಸಾನ್ ಒಂದು ಕ್ರಮ ತಂದಿದ್ದರು. ಒಳಗಿರುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರಬೇಕು, ಬ್ರಶ್ಶಿನ ಹಿಡಿಯಿಂದ ಆಗಾಗ ಗೋಡೆಗೆ ತಟ್ಟುತ್ತಿರಬೇಕು. ಹೊರಗಿನ ಕಾವಲಿನವನು ಅದನ್ನು ಕೇಳಿ ತಾನೂ ತಿರುಗಿ ತಟ್ಟಬೇಕು. ಇಬ್ರಾಹಿಂ ಒಳಗಿನಿಂದ ಕೊನ್‌ಕೊನ್, ಸಂಜೀವ ಹೊರಗಿನಿಂದ ಕೊನ್‌ಕೊನ್. ದಿನವಿಡೀ ಹೀಗೇ. ಕೆಲವೊಮ್ಮೆ ಇಬ್ಬರೂ ಸೇರಿ ಚೆಂಡೆಯ ಪೆಟ್ಟುಗಳನ್ನೇ ನುಡಿಸುತ್ತಿದ್ದರು.

ಇದರ ಜೊತೆಗೆ ನಮ್ಮದೇ ಒಂದು ಹಳೆಯ ಕ್ರಮ ಇತ್ತು. ಮಸೀದಿಯಲ್ಲಿ ಬಾಂಗ್ ಕೊಟ್ಟ ಕೂಡಲೇ ನಾವು ಸುತ್ತಿಗೆ ಕೆಳಗಿಡುತ್ತಿದ್ದೆವು, ರೇಡಿಯೋ ಬಂದ್ ಮಾಡುತ್ತಿದ್ದೆವು, ಬ್ಲೋವರನ್ನೂ ನಿಲ್ಲಿಸುತ್ತಿದ್ದೆವು. ಅದರ ಗುಂಯ್ ಎನ್ನುವ ಸದ್ದು ಗೋಡೆಯಾಚೆ ಪ್ರಾರ್ಥನೆಗೆ ನಿಂತವರ ಕಿವಿಗೆ ಬೀಳುತ್ತದಲ್ಲ. ಇನ್ನೊಬ್ಬರ ನೆಲ, ಇನ್ನೊಬ್ಬರ ದೇವರ ಹೊತ್ತು. ಮರ್ಯಾದೆಯಿಂದ ಇರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿರಲಿಲ್ಲ. ತೊಂದರೆಯೂ ಇರಲಿಲ್ಲ, ಏಕೆಂದರೆ ಇಬ್ರಾಹಿಂ ಬಾಂಗಿಗೆ ಮೊದಲೇ ಹೊರಗೆ ಬಂದು, ಕೈಕಾಲು ತೊಳೆದು, ತಾನೂ ಮಸೀದಿಗೆ ಹೊರಟಿರುತ್ತಿದ್ದ. ಮೊರಿಶಿಮಾ ಸಾನ್ ಊಟಕ್ಕೆ ಪೇಟೆಗೆ ಹೋಗುವ ಹೊತ್ತೂ ಅದೇ ಆದದ್ದರಿಂದ ಈ ಕ್ರಮವನ್ನು ಅವರು ಕಂಡಿರಲಿಲ್ಲ.

ಆ ದಿನ ಅವರು ಊಟವನ್ನು ಡಬ್ಬಿಯಲ್ಲಿ ತಂದಿದ್ದರು. ಸೈಟಿನ ಕ್ಯಾಬಿನ್ ಒಳಗೆ ಉಣ್ಣುತ್ತಿದ್ದರು. ನಾನು ಖರ್ಜೂರದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೆ. ಮಧ್ಯಾಹ್ನದ ಬಾಂಗ್ ಆಯಿತು. ಸಂಜೀವ ಎದ್ದು ಬ್ಲೋವರ್ ಬಂದ್ ಮಾಡಿದ. ಬಾಂಗ್ ಮುಗಿಯಿತು. ಇಡೀ ಸೈಟು ಗಪ್‌ಚುಪ್. ದಿನವೂ ನನಗೆ ಬಹಳ ಇಷ್ಟವಾಗುತ್ತಿದ್ದ ಹೊತ್ತು ಅದು. ಬೆಳಗಿನಿಂದ ಕಿವಿಯಲ್ಲಿ ತುಂಬಿದ ಗದ್ದಲವೆಲ್ಲ ಇಳಿದು, ತೋಟದೊಳಗಿನ ನೀರಿನ ಕಾಲುವೆಯ ಸದ್ದು ಕೇಳುತ್ತಿತ್ತು.

ಕ್ಯಾಬಿನ್ ಬಾಗಿಲು ತೆರೆಯಿತು. ಮೊರಿಶಿಮಾ ಸಾನ್ ಊಟದ ಡಬ್ಬಿ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತಿದ್ದರು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ್ದರು. “ಶೀನ್” ಎಂದರು. ಕೂಗಲಿಲ್ಲ. ನನಗೆ ಕೇಳಿಸಿದ್ದೇ ಹೆಚ್ಚು.

ನಾನು ನಗುತ್ತ, ಹೌದು ಸಾರ್, ನಮಾಜಿನ ಹೊತ್ತು ಎಂದೆ. ಅವರು ಡಬ್ಬಿಯನ್ನು ಕೈಬಿಟ್ಟು ಓಡಿದರು. ಅನ್ನ ಮರಳಿನ ಮೇಲೆ ಚೆಲ್ಲಿತು. ಆ ಮನುಷ್ಯ ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಟ್ಯಾಂಕಿನ ಬಾಯಿಯ ಬಳಿ ಕುಳಿತಿದ್ದ ಸಂಜೀವ ಅವರು ಬರುವುದನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಸದ್ದು ಮಾಡಬೇಡಿ ಎಂಬ ಸನ್ನೆ.

“ಒಳಗೆ ಇಬ್ರಾಹಿಂ ಇದ್ದಾನೆ ಸಾರ್. ಅಲ್ಲೇ ನಮಾಜಿಗೆ ಕೂತ ಹಾಗೆ ಕಾಣ್ತದೆ” ಎಂದು ಅವನು ಪಿಸುಗುಟ್ಟಿದ.

ಇಬ್ರಾಹಿಂ ಒಳಗಿದ್ದಾನೆ ಎಂದು ನನಗೆ ತಿಳಿದದ್ದೇ ಆಗ. ಕಲಸಿದ ಬಣ್ಣ ಸ್ವಲ್ಪ ಉಳಿದಿತ್ತು. ಬಿಟ್ಟರೆ ಡಬ್ಬಿಯಲ್ಲೇ ಗಟ್ಟಿಯಾಗಿ ಹಾಳಾಗುತ್ತದೆ ಎಂದು ಅವನು ಅದನ್ನು ಬಳಿದು ಮುಗಿಸಲು ನಿಂತಿದ್ದ. ಮೊರಿಶಿಮಾ ಸಾನ್ ಟ್ಯಾಂಕಿಗೆ ಗುದ್ದಿದರು. ಕಿವಿ ಇಟ್ಟರು. ಮತ್ತೆ ಗುದ್ದಿದರು. ಒಳಗಿನಿಂದ ಏನೂ ಬರಲಿಲ್ಲ. ಅವರು ಹಾರಿ ಹೋಗಿ ಬ್ಲೋವರಿನ ಸ್ವಿಚ್ ಹಾಕಿದರು.

ಅಷ್ಟರಲ್ಲಿ ನಾನು ಬಾಯಿಗೆ ತಲೆ ತೂರಿಸಿದ್ದೆ. ಕತ್ತಲಲ್ಲಿ ಇಬ್ರಾಹಿಮನ ಕಾಲು ಕಂಡಿತು. ಕಾಲು ಅಲ್ಲಾಡುತ್ತಿರಲಿಲ್ಲ. ಅವನ ಹೆಸರು ಕೂಗುತ್ತಾ ನುಗ್ಗುವವನಿದ್ದೆ. ಯಾರೋ ನನ್ನ ಕಾಲರ್ ಹಿಡಿದು ಎಳೆದು ಮರಳಿಗೆ ಕೆಡವಿದರು. ನೋಡಿದರೆ ಮೊರಿಶಿಮಾ ಸಾನ್. ಯಾರಿಗೂ ಗಟ್ಟಿ ದನಿಯಲ್ಲಿ ಮಾತಾಡದ ಮನುಷ್ಯ ನನ್ನ ಎದೆಯ ಮೇಲೆ ಮೊಣಕಾಲಿಟ್ಟು, “ಒಳಗೆ ಒಬ್ಬ. ಇಬ್ಬರಾಗಬಾರದು” ಎಂದರು. ನನಗೆ ಅವರನ್ನು ಹೊಡೆದು ಹಾಕುವಷ್ಟು ಕೋಪ ಬಂತು. ನಮ್ಮವನು ಅಲ್ಲಿ ಸಾಯುತ್ತಿದ್ದಾನೆ, ಈತ ನನ್ನನ್ನು ಹಿಡಿದು ಕೂತಿದ್ದಾನೆ. ಹೊರಗಿನವರು ಹಾಗೆ ನುಗ್ಗಿ ಒಬ್ಬರ ಮೇಲೊಬ್ಬರು ಬಿದ್ದು ಸಾಯುತ್ತಾರೆ ಎಂಬುದನ್ನು ಆಮೇಲೆ ತಿಳಿದುಕೊಂಡೆ.

ಹಗ್ಗ ಎಳೆದೆವು. ಮೂವರೂ ಎಳೆದೆವು. ಸಂಜೀವ ಅಳುತ್ತ ಎಳೆಯುತ್ತಿದ್ದ. ಇಬ್ರಾಹಿಂ ತಟ್ಟೆಂದು ಬರಲಿಲ್ಲ. ಎಲ್ಲೋ ಸಿಕ್ಕಿಕೊಂಡು, ಬಿಡಿಸಿಕೊಂಡು, ಭಾರವಾಗಿ ಬಂದ. ಹೊರಗೆ ಮಲಗಿಸಿದಾಗ ಮುಖ ಬೂದಿಯ ಬಣ್ಣ, ಗಡ್ಡಕ್ಕೆಲ್ಲ ಪೇಂಟು. ಸಂಜೀವ ಅವನ ಕಾಲ ಬಳಿ ಕುಸಿದು, “ನಾನೇ ನಿಲ್ಲಿಸಿದ್ದು, ನಾನೇ ನಿಲ್ಲಿಸಿದ್ದು” ಎಂದು ಹೇಳುತ್ತಲೇ ಇದ್ದ.

ಮೊರಿಶಿಮಾ ಸಾನ್ ಮಂಡಿಯೂರಿ ಇಬ್ರಾಹಿಮನ ಎದೆಗೆ ಕಿವಿ ಹಚ್ಚಿದರು. ಬ್ಲೋವರಿನ ಸದ್ದು ಅಡ್ಡ ಬರುತ್ತಿತ್ತು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬಹಳ ಹೊತ್ತಾಯಿತು ಎಂದು ನನಗನ್ನಿಸಿತು. ಕೊನೆಗೆ ಅವರು ತಲೆಯೆತ್ತಿದಾಗ ಬಾಯಿಂದ ಇಂಗ್ಲಿಷ್ ಬರಲಿಲ್ಲ.

“ಡೋಕಿಡೋಕಿ” ಎಂದರು. ಮತ್ತೆ ಅದನ್ನೇ ಹೇಳಿ ಅತ್ತುಬಿಟ್ಟರು.

ಇಬ್ರಾಹಿಮನನ್ನು ಪಿಕಪ್ಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟರು. ಸಂಜೆಗೆ ಕಣ್ಣು ಬಿಟ್ಟು ನೀರು ಕೇಳಿದ. ಏನಾಯಿತು ಎಂದು ಕೇಳಿದ್ದಕ್ಕೆ, “ಬಾಂಗ್ ಆಯ್ತಲ್ಲ, ತಟ್ಟುವುದು ನಿಲ್ಲಿಸಿದೆ. ಮುಗಿಯುವವರೆಗೆ ಕೂರುವ ಅಂತ ಕೆಳಗೆ ಕೂತೆ. ನಿದ್ದೆ ಬಂದ ಹಾಗಾಯ್ತು” ಎಂದ. ಕೂತದ್ದೇ ತಪ್ಪಾಗಿತ್ತು. ಆವಿ ನಿಂತಿದ್ದದ್ದು ಆ ತಳದಲ್ಲೇ. ಅವನು ಮರ್ಯಾದೆಗೆ ತಟ್ಟುವುದನ್ನು ನಿಲ್ಲಿಸಿದ, ಸಂಜೀವ ಮರ್ಯಾದೆಗೆ ಗಾಳಿ ನಿಲ್ಲಿಸಿದ, ನಾನು ಮರ್ಯಾದೆಗೆ ಬಾಯಿ ಮುಚ್ಚಿ ಬುತ್ತಿ ತಿಂದೆ. ಕೆಟ್ಟವರು ಯಾರೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಸಂಜೀವ ಕ್ಯಾಂಪಿಗೆ ಹೋಗಿ ಪೆಟ್ಟಿಗೆ ಕಟ್ಟಿಟ್ಟಿದ್ದ. ವೀಸಾ ರದ್ದು ಮಾಡಿ ಊರಿಗೆ ಅಟ್ಟುತ್ತಾರೆ ಎಂದು ಅವನಿಗೆ ಖಾತ್ರಿಯಾಗಿತ್ತು. ನಮ್ಮ ಮ್ಯಾನೇಜರ್ ಸೈಫ್ ಒಮಾನಿನವರೇ, ಉರ್ದು ಚೆನ್ನಾಗಿ ಬಲ್ಲವರು. ಆಸ್ಪತ್ರೆಗೆ ಬಂದವರು ಬ್ಲೋವರ್ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾವ್ಯಾರೂ ಬಾಯಿ ಬಿಡಲಿಲ್ಲ. ಮೊರಿಶಿಮಾ ಸಾನ್ ಹೇಳಿದ್ದ ಆ ತರಗತಿ ನನಗೆ ನೆನಪಾಯಿತು. ಮಂಚದ ಮೇಲಿದ್ದ ಇಬ್ರಾಹಿಂ, “ಅವನು ನನ್ನ ಬಾಂಗಿಗೆ ಮರ್ಯಾದೆ ಕೊಟ್ಟದ್ದು ಸಾಬ್. ಅವನನ್ನು ಕಳಿಸುವುದಾದ್ರೆ ನನ್ನದೂ ಟಿಕೆಟ್ ಮಾಡಿ” ಎಂದ. ಸೈಫ್ ಆ ಮಾತನ್ನು ಅಲ್ಲಿಗೇ ಬಿಟ್ಟರು. ಸಂಜೀವನ ಪೆಟ್ಟಿಗೆ ಬಿಚ್ಚಿಸುವ ಕೆಲಸ ನನ್ನ ಪಾಲಿಗೆ ಬಂತು.

ಇನ್ನು ಬ್ಲೋವರ್ ಯಾವ ಕಾರಣಕ್ಕೂ ನಿಲ್ಲಬಾರದು, ಬಾಂಗಿಗೆ ಮೊದಲು ಒಳಗಿರುವವನು ಹೊರಗೆ ಬಂದಿರಲೇಬೇಕು ಎಂದು ಮೊರಿಶಿಮಾ ಸಾನ್ ಹೇಳಿದರು. ಎರಡನೆಯದು ಸುಲಭ. ಮೊದಲನೆಯದಕ್ಕೆ ಮಸೀದಿಯವರ ಅಪ್ಪಣೆ ಬೇಡವೇ? ನನಗಂತೂ ಧೈರ್ಯವಿರಲಿಲ್ಲ. ಸೈಫ್ ನನ್ನನ್ನೂ ಸಂಜೀವನನ್ನೂ ಕರೆದುಕೊಂಡು ಅಲ್ಲಿನ ಇಮಾಮರ ಹತ್ತಿರ ಹೋದರು. ವಯಸ್ಸಾದವರು. ನಮ್ಮನ್ನು ಕೂರಿಸಿ ಖರ್ಜೂರ ಮುಂದಿಟ್ಟು, ಕಾಫಿ ಕೊಟ್ಟರು. ಸೈಫ್ ಅರಬಿಯಲ್ಲಿ ಎಲ್ಲ ಹೇಳಿ, ಅವರ ಮಾತನ್ನು ನಮಗೆ ಉರ್ದುವಿನಲ್ಲಿ ಹೇಳಿದರು.

“ಯಂತ್ರ ನಿಲ್ಲಿಸಿ ಎಂದು ನಿಮಗೆ ಹೇಳಿದವರು ಯಾರು?” ಎಂದು ಇಮಾಮರು ಕೇಳಿದರು.

ನಾನು ಸಂಜೀವನನ್ನು ನೋಡಿದೆ. ಸಂಜೀವ ನನ್ನನ್ನು ನೋಡಿದ. ಅವನಿಗೆ ಹೇಳಿದ್ದು ನಾನು. ನನಗೆ ಹೇಳಿದ್ದು ಹಳೆಯ ಫೋರ್‌ಮನ್. ಅವರಿಗೆ ಯಾರು ಹೇಳಿದ್ದರೋ ದೇವರೇ ಬಲ್ಲ. ಮಸೀದಿಯಿಂದ ಯಾರೂ ಯಾವತ್ತೂ ಬಂದು ಹೇಳಿರಲಿಲ್ಲ. ನಾವೂ ಹೋಗಿ ಕೇಳಿರಲಿಲ್ಲ.

ಇಮಾಮರು ಕಾಫಿಯ ಬಟ್ಟಲು ಕೆಳಗಿಟ್ಟರು. “ದಿನಾ ಆ ಹೊತ್ತಿಗೆ ಯಂತ್ರ ನಿಲ್ಲುವುದನ್ನು ಕೇಳುತ್ತಿದ್ದೆ. ಕೆಲಸದವರಿಗೆ ವಿಶ್ರಾಂತಿ ಕೊಡುತ್ತಾರೆ, ಒಳ್ಳೆಯ ಕಂಪನಿ ಎಂದುಕೊಳ್ಳುತ್ತಿದ್ದೆ. ಅದು ಒಬ್ಬ ಮನುಷ್ಯನ ಉಸಿರು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮಾಜು ಬಿಟ್ಟು ನಾನೇ ಗೋಡೆ ಹಾರಿ ಬರುತ್ತಿದ್ದೆ.”

ಟ್ಯಾಂಕಿನ ಬಾಯಲ್ಲಿ ಆ ಕಾಲು ಕಂಡಾಗಲೂ ನಾನು ಅಷ್ಟು ತತ್ತರಿಸಿರಲಿಲ್ಲ. ಯಾರೂ ಕೇಳದ ಮೌನವನ್ನು ವರ್ಷಗಟ್ಟಲೆ ಕೊಡುತ್ತಾ ಬಂದಿದ್ದೆವು. ಗೋಡೆಯ ಆಚೆಯವರು ಅದನ್ನು ಬೇರೆ ಏನೋ ಎಂದುಕೊಂಡಿದ್ದರು. ನಡುವೆ ಇಬ್ರಾಹಿಂ ಸಾಯುವವನಿದ್ದ. ಒಂದು ಸಲ ಗೋಡೆ ಸುತ್ತಿಕೊಂಡು ಹೋಗಿ ಕೇಳುವುದಕ್ಕೆ ನಮಗೆ ಏನಾಗಿತ್ತು?

ಮರುವಾರದಿಂದ ಬಾಂಗಿನ ಜೊತೆಗೆ ಬ್ಲೋವರೂ ಗುಂಯ್ ಎನ್ನುತ್ತಲೇ ಇತ್ತು. ಯಾರಿಗೂ ಏನೂ ಆಗಲಿಲ್ಲ. ತೊಂಬತ್ತರ ದಶಕದಲ್ಲಿ ಗಾಳಿಯನ್ನು ಅಳೆದು ತಾನೇ ಕಿರುಚುವ ಯಂತ್ರಗಳು ಬಂದವು, ಫಾರ್ಮುಗಳು ಬಂದವು, ಹಳದಿ ಜಾಕೆಟ್ಟಿನ ಸೇಫ್ಟಿ ಆಫೀಸರ್ ಬಂದ. ಒಳ್ಳೆಯದೇ. ಆದರೂ ಕೊನ್‌ಕೊನ್ ತಟ್ಟುವುದನ್ನು ನನ್ನ ಗುಂಪಿನಲ್ಲಿ ನಾನು ನಿಲ್ಲಿಸಗೊಡಲಿಲ್ಲ. ಮುದುಕನಿಗೆ ಹುಚ್ಚು ಎಂದು ಹೊಸಬರು ಹಿಂದಿನಿಂದ ನಕ್ಕದ್ದು ನನಗೆ ಗೊತ್ತಿದೆ. ಮೊರಿಶಿಮಾ ಸಾನ್ ಅಷ್ಟರಲ್ಲಿ ತಮ್ಮ ದೇಶಕ್ಕೆ ಮರಳಿದ್ದರು. ಹೋಗುವ ದಿನ ಅವರ ಎದುರು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅವರೇ ನನ್ನ ಭುಜ ತಟ್ಟಿ, “ಶೀನ್” ಎಂದು ನಕ್ಕರು. ಆ ಪದವನ್ನು ಹೀಗೂ ಬಳಸಬಹುದು ಎಂದು ಅವತ್ತು ತಿಳಿಯಿತು.

ಈಗ ನಾನೂ ಇಬ್ರಾಹಿಮನೂ ಊರಿನಲ್ಲಿದ್ದೇವೆ. ಅವನು ಉಳ್ಳಾಲದಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾನೆ. ಶುಕ್ರವಾರ ಮಧ್ಯಾಹ್ನ ಮಸೀದಿಯಿಂದ ಬಂದು ನನಗೆ ಫೋನು ಮಾಡುತ್ತಾನೆ. ಕಳೆದ ವರ್ಷ ಸುನಂದಾ ತೀರಿಕೊಂಡ ಮೇಲೂ ಮಾಡಿದ. ನಾನು ಫೋನು ಎತ್ತಿದೆ, ಮಾತು ಹೊರಡಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಆ ಕಡೆ ಅವನು ಫೋನಿಗೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ.

“ಶೀನ್ ಮಾಡ್ಬೇಡಿ ಮಾರಾಯ್ರೆ, ನನಗೆ ಹೆದರಿಕೆ ಆಗ್ತದೆ” ಎಂದ. “ಒಳಗೆ ಇದ್ದೀರಲ್ಲ, ತಿರುಗಿ ತಟ್ಟಿ.”

ನಾನು ತಟ್ಟಿದೆ.